ಕೂಸಿನ ಕಿವಿ, ಅವ್ವನ ಹಾಡು

ಕರ್ನೂಲು ಜಿಲ್ಲೆಯ ಪಡುವಣ ಅಂಚಿನಲ್ಲಿ, ಗುಂತಕಲ್ಲಿಗೆ ಹತ್ತಿರ, ಚಿಪ್ಪಗಿರಿ ಎಂಬ ಊರಿದೆ. ದಾಸರ ಪದ ಹಾಡುವ ಮನೆಗಳಲ್ಲಿ ಈ ಹೆಸರು ಕೇಳದವರು ಕಡಿಮೆ. ಮಾನ್ವಿ ಸೀಮೆಯ ಚೀಕಲಪರ್ವಿಯಲ್ಲಿ 1682ರಲ್ಲಿ ಹುಟ್ಟಿದ ವಿಜಯದಾಸರು ಕೊನೆಗಾಲಕ್ಕೆ ಇಲ್ಲಿ ನೆಲೆಸಿ, 1755ರ ಕಾರ್ತಿಕ ಶುದ್ಧ ದಶಮಿಯಂದು ಇಲ್ಲಿಯೇ ದೇಹ ಬಿಟ್ಟರು. ಅವರ ಕತೆಯೊಳಗೆ ಇನ್ನೊಂದು ಕತೆ ಇದೆ, ಮೋಹನದಾಸರದು. ಬದುಕಿಗೆ ಬೇಸತ್ತ ತಾಯಿಯೊಬ್ಬಳು ಕೈಗೂಸಿನೊಂದಿಗೆ ನೀರಿಗೆ ಬೀಳಲು ಹೊರಟಿದ್ದಾಗ ದಾಸರು ತಡೆದು, ಇಬ್ಬರನ್ನೂ ಮನೆಗೆ ಕರೆತಂದು ಸಾಕಿದರು ಎಂದು ಸಂಪ್ರದಾಯ ಹೇಳುತ್ತದೆ. ಆ ಕೂಸೇ ಮುಂದೆ 'ಮೋಹನ ವಿಠಲ' ಅಂಕಿತದ ಹರಿದಾಸನಾಯಿತು.

ಭಕ್ತರು ಇದನ್ನು ಕರುಣೆಯ ಕತೆಯೆಂದು ಹೇಳುತ್ತಾರೆ. ಕಿವಿಯ ವಿಜ್ಞಾನ ಓದುವವರಿಗೆ ಇದರೊಳಗೆ ಒಂದು ಪ್ರಶ್ನೆಯೂ ಕಾಣುತ್ತದೆ. ಹಾಡುವವರ ಮನೆಯಲ್ಲಿ ಹಾಡುವ ಮಕ್ಕಳು ಬೆಳೆದರೆ 'ರಕ್ತದಲ್ಲೇ ಬಂದಿದೆ' ಎಂದು ನಾವು ಮಾತು ಮುಗಿಸಿಬಿಡುತ್ತೇವೆ. ಮೋಹನದಾಸರಿಗೆ ವಿಜಯದಾಸರಿಂದ ರಕ್ತದಲ್ಲಿ ಬಂದದ್ದು ಏನೂ ಇಲ್ಲ. ಬಂದದ್ದೆಲ್ಲ ಆ ಮನೆಯ ತಂಬೂರಿಯಿಂದ, ತಾಳದಿಂದ, ಬೆಳಗು ಬೈಗು ಕಿವಿಗೆ ಬಿದ್ದ ಪದಗಳಿಂದ. ಒಂದು ಕತೆಯಿಂದ ಏನನ್ನೂ ಸಾಧಿಸಲಾಗದು, ನಿಜ. ಆದರೂ ಪ್ರಶ್ನೆಯನ್ನು ಅದು ಸರಿಯಾದ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಹೆತ್ತವರಿಗೆ ಇಷ್ಟವಾದ ಹಾಡು ಮಗುವಿನ ಕಿವಿಯೊಳಗೆ ಏನು ಮಾಡುತ್ತದೆ? ಆ ಕೆಲಸ ಎಂದಿನಿಂದ ಶುರುವಾಗುತ್ತದೆ?

ಈ ಪ್ರಶ್ನೆ ಕೇಳಲು ಚಿಪ್ಪಗಿರಿಯ ಆಸುಪಾಸಿನ ಆದೋನಿ ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಹಳೆಯ ಬಳ್ಳಾರಿ ಜಿಲ್ಲೆ ಹೋಳಾಯಿತು. ಹತ್ತು ತಾಲ್ಲೂಕುಗಳಲ್ಲಿ ಏಳು ಮೈಸೂರಿಗೆ ಬಂದವು, ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಕಚೇರಿಯ ಕಾಗದ ತೆಲುಗಾಯಿತು. ಹೊಳಗುಂದ, ಕೌತಾಳಂ, ಕೋಸಿಗಿ, ಮಂತ್ರಾಲಯದ ಹಳ್ಳಿಗಳಲ್ಲಿ ಮನೆಮಾತು ಎಷ್ಟೋ ಕಡೆ ಕನ್ನಡವಾಗಿಯೇ ಉಳಿಯಿತು. ಕನ್ನಡ ಶಾಲೆಗಳೂ ಉಳಿದವು. ಹಾಡುಗಳ ಲೆಕ್ಕವಂತೂ ಗಡಿ ಎಳೆಯುವ ಯಾವ ಆಯೋಗದ ಕೈಗೂ ಸಿಗುವಂಥದ್ದಲ್ಲ. ಮಂತ್ರಾಲಯದಲ್ಲಿ ದಾಸರ ಪದ, ಶ್ರಾವಣದಲ್ಲಿ ಉರುಕುಂದ ಈರಣ್ಣನ ಜಾತ್ರೆಯ ಭಜನೆ, ಕರಡಿ ಕೂದಲಿನ ಕುಲಾವಿ ತೊಟ್ಟ ಗೊರವಯ್ಯನ ಡಮರುಗ, ದಸರೆಯ ರಾತ್ರಿ ದೇವರಗಟ್ಟಿನ ಮಾಳ ಮಲ್ಲೇಶ್ವರನ ಜಾತ್ರೆಯ ಗದ್ದಲ, ಮೊಹರಮಿನಲ್ಲಿ ರಿವಾಯತ ಪದ, ಚಹಾದಂಗಡಿಯಲ್ಲಿ ತೆಲುಗು ಸಿನಿಮಾ, ಆಟೊದಲ್ಲಿ ಕನ್ನಡ ಸಿನಿಮಾ. ಇಲ್ಲಿ ಹುಟ್ಟುವ ಕೂಸಿಗೆ ಇದೆಲ್ಲವೂ ಕೇಳುತ್ತದೆ. ಆದರೆ ಇಷ್ಟರಲ್ಲಿ ಯಾವುದು ಅದರದ್ದಾಗುತ್ತದೆ ಎಂಬುದನ್ನು ಬಹುಮಟ್ಟಿಗೆ ತೀರ್ಮಾನಿಸುವವರು ಅದನ್ನು ಎತ್ತಿ ಆಡಿಸುವವರೇ.

ಶುರು ಹೊಟ್ಟೆಯೊಳಗಿನಿಂದ. ಬೆಲ್‌ಫಾಸ್ಟಿನ ಪೀಟರ್ ಹೆಪ್ಪರ್ ಮತ್ತು ಶಾಹಿದುಲ್ಲಾ ಗರ್ಭಿಣಿಯರ ಹೊಟ್ಟೆಯ ಮೇಲೆ ಧ್ವನಿಪೆಟ್ಟಿಗೆ ಇಟ್ಟು, ಅಲ್ಟ್ರಾಸೌಂಡಿನಲ್ಲಿ ಭ್ರೂಣದ ಅಲುಗಾಟ ನೋಡುತ್ತಾ, ಯಾವ ವಾರದಲ್ಲಿ ಯಾವ ಸ್ವರ ಕೇಳುತ್ತದೆ ಎಂದು ಪರೀಕ್ಷಿಸಿದರು. 1994ರಲ್ಲಿ ಅದರ ಫಲಿತಾಂಶ ಬಂತು. 500 ಹರ್ಟ್ಸ್ ಸ್ವರಕ್ಕೆ ಮೊದಲ ಅಲುಗಾಟ ಕಂಡದ್ದು 19ನೇ ವಾರದಲ್ಲಿ. 27ನೇ ವಾರಕ್ಕೆ 250 ಮತ್ತು 500 ಹರ್ಟ್ಸಿಗೆ 100ರಲ್ಲಿ 96 ಭ್ರೂಣಗಳು ಓಗೊಟ್ಟವು. ಆದರೆ ಅದೇ ವಾರದಲ್ಲಿ 1000 ಹರ್ಟ್ಸಿಗಾಗಲಿ 3000 ಹರ್ಟ್ಸಿಗಾಗಲಿ ಒಂದೂ ಅಲುಗಲಿಲ್ಲ. ಆ ಎತ್ತರದ ಸ್ವರಗಳಿಗೆ ಎಲ್ಲ ಭ್ರೂಣಗಳೂ ಓಗೊಡಲು 33, 35 ವಾರಗಳೇ ಆಗಬೇಕಾಯಿತು. ಎಂದರೆ ಕಿವಿ ತೆರೆದುಕೊಳ್ಳುವುದು ತಗ್ಗು ಸ್ವರದಿಂದ ಮೇಲಕ್ಕೆ. ಅದರ ಜೊತೆಗೆ ತಾಯಿಯ ಹೊಟ್ಟೆಯ ಮಾಂಸ, ನೀರು ಎತ್ತರದ ಸ್ವರಗಳನ್ನು ಹೀರಿಕೊಂಡು ತಗ್ಗಿನವನ್ನು ಒಳಗೆ ಬಿಡುತ್ತವೆ. ಜಾತ್ರೆಯಲ್ಲಿ ನಿಂತ ಬಸುರಿಯ ಹೊಟ್ಟೆಯೊಳಗಿನ ಕೂಸಿಗೆ ಡೊಳ್ಳಿನ ಗುಡುಗು ತಲುಪುತ್ತದೆ, ಕಂಚಿನ ತಾಳದ ಕಿಣಿಕಿಣಿ ಬಹುಪಾಲು ಹೊರಗೇ ಉಳಿಯುತ್ತದೆ. ಪದದ ಮಾತುಗಳು ಅರ್ಥವಾಗುವಷ್ಟು ಬಿಡಿಸಿ ಕೇಳುವುದಿಲ್ಲ. ಏರಿಳಿತ ಮತ್ತು ಲಯ ಮಾತ್ರ ಕೆಡದೆ ಒಳಗೆ ಹೋಗುತ್ತವೆ.

ತಾಯಿಯ ದನಿಗೆ ಇಲ್ಲಿ ವಿಶೇಷ ದಾರಿಯಿದೆ. ಉಳಿದವರ ದನಿ ಗಾಳಿಯಲ್ಲಿ ಬಂದು ಹೊಟ್ಟೆಯ ಗೋಡೆ ದಾಟಬೇಕು. ತಾಯಿಯದು ಅವಳ ಮೈಯೊಳಗಿಂದಲೇ, ಎಲುಬಿನ ಮೂಲಕವೂ ಇಳಿದು ಬರುತ್ತದೆ. ಇದರ ಪರಿಣಾಮವನ್ನು ಆಂಥನಿ ಡಿ ಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ 1980ರಲ್ಲಿ ತೋರಿಸಿದ ರೀತಿ ಬಲು ಜಾಣತನದ್ದು. ಹುಟ್ಟಿ ಮೂರು ದಿನವೂ ತುಂಬದ ಹತ್ತು ಕೂಸುಗಳ ಬಾಯಿಗೆ ಹಾಲಿಲ್ಲದ ನಿಪ್ಪಲ್ ಇಟ್ಟರು. ಕೂಸು ಚೀಪುವಾಗ ನಡುವೆ ಬಿಡುವು ಕೊಡುತ್ತದಲ್ಲ, ಆ ಬಿಡುವು ಒಂದು ಅಳತೆಗಿಂತ ಉದ್ದವಾದರೆ ಕಿವಿಯ ಹತ್ತಿರ ಒಬ್ಬಳ ದನಿ, ಗಿಡ್ಡವಾದರೆ ಇನ್ನೊಬ್ಬಳ ದನಿ ಕೇಳುವಂತೆ ಯಂತ್ರ ಕಟ್ಟಿದರು. ಎರಡರಲ್ಲಿ ಒಂದು ಹೆತ್ತವ್ವನದು. ಹತ್ತರಲ್ಲಿ ಎಂಟು ಕೂಸುಗಳು ತಮ್ಮ ಚೀಪುವ ಲಯವನ್ನೇ ಬದಲಿಸಿಕೊಂಡು ಅವ್ವನ ದನಿಯನ್ನು ಕರೆಸಿಕೊಂಡವು. ಕಣ್ಣು ನೆಟ್ಟಗೆ ನಿಲ್ಲದ, ಕತ್ತು ಎತ್ತಲಾಗದ ಜೀವ ತನಗೆ ಬೇಕಾದ ದನಿಗಾಗಿ ಮೂರೇ ದಿನದಲ್ಲಿ ಇಷ್ಟು ದುಡಿಯುತ್ತದೆ ಎಂಬುದನ್ನು ನಾನು ಎಷ್ಟು ಸಲ ಓದಿದರೂ ಮೊದಲ ಸಲದಂತೆಯೇ ಮೈ ಜುಮ್ಮೆನ್ನುತ್ತದೆ. ತಂದೆಯ ದನಿಗೆ ಇದೇ ಪರೀಕ್ಷೆಯನ್ನು 1984ರಲ್ಲಿ ಮಾಡಿದಾಗ ನವಜಾತರು ಬೇರೆ ಗಂಡಸಿನ ದನಿಗಿಂತ ಅಪ್ಪನ ದನಿಗೆ ಹೆಚ್ಚಿನ ಒಲವು ತೋರಲಿಲ್ಲ. ಅಪ್ಪನ ಸರದಿ ಹುಟ್ಟಿದ ಮೇಲೆ ಬರುತ್ತದೆ.

ದನಿಯ ಮಾತಾಯಿತು, ಇಷ್ಟದ ಹಾಡಿನ ಕತೆಯೇನು? ಇದಕ್ಕೂ ಹೆಪ್ಪರ್ ಅವರದೇ ಉತ್ತರ. ಆಗ ಬ್ರಿಟನ್ನಿನಲ್ಲಿ 'ನೇಬರ್ಸ್' ಎಂಬ ಟಿವಿ ಧಾರಾವಾಹಿ ಮನೆಮನೆಯಲ್ಲಿ ಓಡುತ್ತಿತ್ತು. ಬಸುರಿಯಾಗಿದ್ದಾಗ ಅದನ್ನು ತಪ್ಪದೆ ನೋಡುತ್ತಿದ್ದ ಹೆಂಗಸರ ಮಕ್ಕಳಿಗೆ ಹುಟ್ಟಿದ ಎರಡರಿಂದ ನಾಲ್ಕು ದಿನಕ್ಕೆ ಅದರ ಶೀರ್ಷಿಕೆ ಸಂಗೀತ ಕೇಳಿಸಿದಾಗ ಅವು ಕೈಕಾಲು ಬಡಿಯುವುದು ನಿಲ್ಲಿಸಿದವು, ಎದೆಬಡಿತ ನಿಧಾನವಾಯಿತು, ಕಿವಿಗೊಟ್ಟು ಮಲಗಿದವು. ಧಾರಾವಾಹಿ ನೋಡದವರ ಮಕ್ಕಳಲ್ಲಿ ಇಂಥದ್ದೇನೂ ಆಗಲಿಲ್ಲ. ಮೂರು ವಾರ ಆ ಸಂಗೀತ ಕೇಳದೆ ಹೋದ ಮೇಲೆ ಮತ್ತೆ ಪರೀಕ್ಷಿಸಿದರೆ ಗುರುತು ಮಾಸಿತ್ತು. ಈ ಕೆಲಸದ ಮೊದಲ ವರದಿ 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮುಂದೆ 2013ರಲ್ಲಿ ಹೆಲ್ಸಿಂಕಿಯ ಐನೊ ಪಾರ್ಟನೆನ್ ತಂಡ, ಬಸುರಿನ ಕೊನೆಯ ತಿಂಗಳುಗಳಲ್ಲಿ ಒಂದು ಸರಳ ಶಿಶುಗೀತೆಯ ಧಾಟಿಯನ್ನು ವಾರಕ್ಕೆ ಐದು ಸಲ ಕೇಳಿಸಿದ ಕೂಸುಗಳ ಮಿದುಳಲೆಗಳಲ್ಲಿ ಅದರ ಗುರುತು ನಾಲ್ಕು ತಿಂಗಳವರೆಗೂ ಉಳಿದದ್ದನ್ನು ತೋರಿಸಿತು.

ಹೆಪ್ಪರ್ ಅವರ ಪ್ರಯೋಗ ನನಗೆ ಹೆಚ್ಚು ಮುಖ್ಯವೆನಿಸುವುದು ಅದರ ಆಯ್ಕೆಯಿಂದಾಗಿ. ಅಲ್ಲಿ ಯಾರೂ ಕೂಸಿಗೆಂದು ಏನನ್ನೂ ಕೇಳಿಸಲಿಲ್ಲ. ತಾಯಿ ತನ್ನ ಖುಷಿಗೆ ತಾನು ನೋಡಿದಳು. ಕೂಸಿನ ಕಿವಿಗೆ ಮೊದಲು ಒದಗುವುದು ಇದೇ, ಅವರಿವರು 'ಒಳ್ಳೆಯದು' ಎಂದದ್ದಲ್ಲ. ಇಂದು ಗರ್ಭಸಂಸ್ಕಾರದ ಹೆಸರಿನಲ್ಲಿ, ಬುದ್ಧಿ ಬೆಳೆಸುವ ಸಂಗೀತದ ಹೆಸರಿನಲ್ಲಿ ಆ್ಯಪು, ಹೆಡ್‌ಫೋನು, ಪ್ಯಾಕೇಜು ಮಾರಾಟವಾಗುತ್ತಿವೆ. ಇಂಥ ಮಾರಾಟಕ್ಕೆ ಬಲ ಕೊಟ್ಟ ಮೂಲ ಪ್ರಯೋಗಗಳಲ್ಲಿ ದೊಡ್ಡ ಹೆಸರು 1993ರದು. ಕ್ಯಾಲಿಫೋರ್ನಿಯಾದ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಕೇಳಿಸಿದಾಗ ಒಂದು ಬಗೆಯ ಆಕಾರದ ಲೆಕ್ಕಗಳಲ್ಲಿ ಅವರ ಅಂಕ ಏರಿತ್ತು. ಆ ಏರಿಕೆ ಉಳಿದದ್ದು ಹತ್ತು ಹದಿನೈದು ನಿಮಿಷ. ಅದರಲ್ಲಿ ಕೂಸುಗಳೇ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಕೂಸಿಗೂ ಶಾಸ್ತ್ರೀಯ ಸಂಗೀತದ ಸಿಡಿ ಕೊಡಲು ಬಜೆಟ್ಟಿನಲ್ಲಿ ಹಣ ಕೇಳಿದರು. ಆದೋನಿಯ ಬಸುರಿ ಇಂಥವಕ್ಕೆ ಒಂದು ರೂಪಾಯಿಯನ್ನೂ ಕೊಡಬೇಕಾಗಿಲ್ಲ. ಹೊಟ್ಟೆಗೆ ಹೆಡ್‌ಫೋನ್ ಕಟ್ಟುವುದು ಬೇಡವೇ ಬೇಡ. ಡಿಜೆ ಪೆಟ್ಟಿಗೆಗಳ ಮುಂದೆ ತಾಸುಗಟ್ಟಲೆ ನಿಲ್ಲುವುದೂ ಬೇಡ. ಬಸುರಿನಲ್ಲಿ 85 ಡೆಸಿಬೆಲ್ ದಾಟಿದ ಸದ್ದಿನ ನಡುವೆ ಪೂರ್ತಿ ದುಡಿದ ತಾಯಂದಿರ ಮಕ್ಕಳಲ್ಲಿ ಕಿವಿಯ ತೊಂದರೆ ಹೆಚ್ಚಿದ್ದನ್ನು 2016ರ ಸ್ವೀಡನ್ನಿನ ದೊಡ್ಡ ಅಧ್ಯಯನವೊಂದು ಕಂಡಿದೆ.

ಹುಟ್ಟಿದ ಕೂಸು ಯಾವ ತಾಳಕ್ಕೂ ಸಿದ್ಧವಾಗಿಯೇ ಬರುತ್ತದೆ. ಮಲಗಿದ ನವಜಾತರಿಗೆ ಡ್ರಮ್ಮಿನ ಲಯ ಕೇಳಿಸಿ, ನಡುನಡುವೆ ಮೊದಲ ಪೆಟ್ಟನ್ನು ಬಿಟ್ಟಾಗ ಅವುಗಳ ಮಿದುಳು 'ಇಲ್ಲೊಂದು ಪೆಟ್ಟು ಬೀಳಬೇಕಿತ್ತು' ಎಂಬಂತೆ ಬೆಚ್ಚುತ್ತದೆ ಎಂದು ಬುಡಾಪೆಸ್ಟಿನ ಇಷ್ಟ್ವಾನ್ ವಿಂಕ್ಲರ್ ತಂಡ 2009ರಲ್ಲಿ ತೋರಿಸಿತು. ಆಮೇಲೆ ಮನೆಯ ಸಂಗೀತ ತನ್ನ ಕೆಲಸ ಶುರುಮಾಡುತ್ತದೆ. ಕೆಲವು ತಾಳಗಳಿಗೆ ಕಿವಿ ಚುರುಕಾಗುತ್ತದೆ, ಕೇಳದ ತಾಳಗಳಿಗೆ ಮಂದವಾಗುತ್ತದೆ. ಈ ಮಾತಿಗೆ ನನಗೆ ಗೊತ್ತಿರುವ ಅತ್ಯುತ್ತಮ ಸಾಕ್ಷಿ ಎರಿನ್ ಹ್ಯಾನನ್ ಮತ್ತು ಸಾಂಡ್ರಾ ಟ್ರೆಹಬ್ 2005ರಲ್ಲಿ ಪ್ರಕಟಿಸಿದ ಕೆಲಸ. ಪಶ್ಚಿಮದ ಜನಪ್ರಿಯ ಹಾಡುಗಳೆಲ್ಲ ಹೆಚ್ಚುಕಡಿಮೆ ಎರಡು, ಮೂರು, ನಾಲ್ಕರ ಸಮ ಎಣಿಕೆಯಲ್ಲಿರುತ್ತವೆ. ಬಲ್ಗೇರಿಯ, ಮ್ಯಾಸಿಡೋನಿಯದ ಜನಪದ ಕುಣಿತಗಳು ಏಳರ ಎಣಿಕೆಯಲ್ಲೂ ನಡೆಯುತ್ತವೆ, ಒಂದು ತುಣುಕು ಉದ್ದ, ಉಳಿದವು ಗಿಡ್ಡ. ಉತ್ತರ ಅಮೆರಿಕದ ಆರು ತಿಂಗಳ ಕೂಸುಗಳಿಗೆ ಎರಡೂ ಬಗೆಯ ಹಾಡಿನಲ್ಲಿ ತಾಳ ತಪ್ಪಿಸಿದರೆ ಗೊತ್ತಾಗುತ್ತಿತ್ತು. ಹನ್ನೆರಡು ತಿಂಗಳಾಗುವಷ್ಟರಲ್ಲಿ ತಮ್ಮ ಮನೆಯ ಬಗೆಯ ತಾಳದಲ್ಲಿ ಮಾತ್ರ ತಪ್ಪು ಹಿಡಿಯುತ್ತಿದ್ದವು, ಏಳರ ತಾಳ ತಪ್ಪಿದರೂ ಗಮನಿಸುತ್ತಿರಲಿಲ್ಲ. ಅಷ್ಟಕ್ಕೇ ನಿಲ್ಲಿಸದೆ ಸಂಶೋಧಕರು ಬಾಲ್ಕನ್ ಸಂಗೀತದ ಸಿಡಿಯನ್ನು ಮನೆಗೆ ಕೊಟ್ಟು ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ, ಎರಡು ವಾರ ಹಾಕಿಸಿದರು. ಒಂದು ವರ್ಷದ ಕೂಸುಗಳ ಕಿವಿ ಮತ್ತೆ ತೆರೆಯಿತು. ದೊಡ್ಡವರು ಅಷ್ಟೇ ಕೇಳಿದರೂ ಅವರಿಗೆ ಆ ಮಟ್ಟದ ಚುರುಕು ಬರಲಿಲ್ಲ.

ಇದನ್ನು ಓದಿದಾಗ ನನ್ನ ಮನಸ್ಸು ನೇರ ಚಿಪ್ಪಗಿರಿಗೆ ಹೋಯಿತು. ವಿಜಯದಾಸರ ಹೆಸರು ಸುಳಾದಿಗಳ ಜೊತೆ ಅಂಟಿಕೊಂಡಿದೆ. ಕೀರ್ತನೆ ಒಂದೇ ತಾಳದಲ್ಲಿ ಕೊನೆಯವರೆಗೆ ನಡೆದರೆ ಸುಳಾದಿಯಲ್ಲಿ ಖಂಡದಿಂದ ಖಂಡಕ್ಕೆ ತಾಳವೇ ಬದಲಾಗುತ್ತದೆ. ಇಂದು ಕಲಿಸುವ ಎಣಿಕೆಯಲ್ಲಿ ಧ್ರುವಕ್ಕೆ 14 ಅಕ್ಷರ, ಮಠ್ಯಕ್ಕೆ 10, ರೂಪಕಕ್ಕೆ 6, ಝಂಪೆಗೆ 10, ತ್ರಿಪುಟಕ್ಕೆ 7, ಅಟ್ಟಕ್ಕೆ 14, ಏಕಕ್ಕೆ 4. ಝಂಪೆಯ ಹತ್ತನ್ನೇ ನೋಡಿ. ಒಂದು ಪೆಟ್ಟು ಹಾಕಿ ಬೆರಳು ಮಡಿಸುತ್ತಾ ಏಳು, ಆಮೇಲೆ ಒಂದೇ ಪೆಟ್ಟು, ಕೊನೆಗೆ ಪೆಟ್ಟು ಮತ್ತು ಬೀಸು ಸೇರಿ ಎರಡು. ಏಳು, ಒಂದು, ಎರಡು. ಬಲ್ಗೇರಿಯದ ಕುಣಿತಕ್ಕಿಂತ ಇದರ ನಡಿಗೆ ಸರಳವೇನಲ್ಲ. ಸುಳಾದಿಯನ್ನು ತಾಳ ಹಾಕಿ ಹಾಡುವ ಮನೆಗಳಿಗಿಂತ ಪಾರಾಯಣದಂತೆ ಓದಿಕೊಳ್ಳುವ ಮನೆಗಳು ಇಂದು ಹೆಚ್ಚು, ಅದು ನಿಜ. ಆದರೆ ಏಕಾದಶಿಯ ಭಜನೆಯಲ್ಲಿ ತೊಡೆಯ ಮೇಲೆ ಕೂಸನ್ನು ಮಲಗಿಸಿಕೊಂಡು, ಇನ್ನೊಂದು ತೊಡೆಯ ಮೇಲೆ ತ್ರಿಪುಟದ ಏಳನ್ನು ಬಡಿಯುವ ಅಜ್ಜಿ ಇರುವಲ್ಲಿ ಆ ಕೂಸಿನ ಕಿವಿ ಏಳರ ಎಣಿಕೆಗೆ ಮುಚ್ಚಿಕೊಳ್ಳಲು ಕಾರಣವಿಲ್ಲ.

ತೊಡೆಯ ಮಾತು ಸುಮ್ಮನೆ ತಂದದ್ದಲ್ಲ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಜೆಸಿಕಾ ಫಿಲಿಪ್ಸ್-ಸಿಲ್ವರ್ ಮತ್ತು ಲಾರೆಲ್ ಟ್ರೇನರ್ 2005ರಲ್ಲಿ ಏಳು ತಿಂಗಳ ಕೂಸುಗಳಿಗೆ ಯಾವ ಪೆಟ್ಟಿಗೂ ಒತ್ತು ಕೊಡದ ಒಂದು ಲಯವನ್ನು ಎರಡು ನಿಮಿಷ ಕೇಳಿಸಿದರು. ಅರ್ಧ ಕೂಸುಗಳನ್ನು ಎರಡನೇ ಪೆಟ್ಟಿಗೊಮ್ಮೆ, ಉಳಿದರ್ಧವನ್ನು ಮೂರನೇ ಪೆಟ್ಟಿಗೊಮ್ಮೆ ತೋಳಲ್ಲಿ ಎತ್ತಿ ಕುಣಿಸಿದರು. ಕಿವಿಗೆ ಬಿದ್ದ ಸದ್ದು ಎಲ್ಲರಿಗೂ ಒಂದೇ. ಆಮೇಲೆ ಒತ್ತು ಸೇರಿಸಿದ ಎರಡು ರೂಪಗಳನ್ನು ಕೇಳಿಸಿದಾಗ ಎರಡಕ್ಕೆ ಕುಣಿದವು ಎರಡರ ಒತ್ತನ್ನೇ, ಮೂರಕ್ಕೆ ಕುಣಿದವು ಮೂರರ ಒತ್ತನ್ನೇ ಹೆಚ್ಚು ಹೊತ್ತು ಕೇಳಿದವು. ಕಣ್ಣಿಗೆ ಬಟ್ಟೆ ಕಟ್ಟಿ ಕುಣಿಸಿದರೂ ಇದೇ ಫಲ. ಬೇರೆಯವರು ಕುಣಿಯುವುದನ್ನು ಸುಮ್ಮನೆ ನೋಡಿದರೆ ಫಲವಿಲ್ಲ. ತಾಳ ಕಿವಿಯಿಂದಷ್ಟೇ ಒಳಗಿಳಿಯುವುದಿಲ್ಲ, ಕಿವಿಯೊಳಗಿನ ಸಮತೋಲದ ಅಂಗ, ಮೈಯ ತೂಗಾಟ ಎಲ್ಲ ಸೇರಿ ಅದನ್ನು ಕಟ್ಟುತ್ತವೆ. ನಮ್ಮ ಬಯಲುಸೀಮೆಯಲ್ಲಿ ಎರಡು ಮೊಣಕಾಲು ಎತ್ತಿ, ಪಾದದ ಮೇಲೆ ಕೂಸನ್ನು ಕೂರಿಸಿ, ಕೈಹಿಡಿದು ಹಿಂದೆ ಮುಂದೆ ತೂಗುತ್ತಾ ಹಾಡುತ್ತಾರೆ. ಸೀರೆಯ ಜೋಳಿಗೆಯನ್ನು ತೊಲೆಗೆ ಕಟ್ಟಿ, ಹಗ್ಗ ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಕೈಯಲ್ಲಿ ಶೇಂಗಾ ಸುಲಿಯುತ್ತಾ ಕಾಲಲ್ಲಿ ತೂಗುತ್ತಾರೆ. ಆ ತೂಗಿನ ಲಯ, ಹಾಡಿನ ಲಯ, ಕೂಸಿನ ಮೈಯ ಲಯ ಮೂರೂ ಒಂದಾಗುವುದು ಅಲ್ಲಿ. ಹೊಲಿಗೆ ಯಂತ್ರದ ಪೆಡಲಿನಂತೆ ಒಂದೇ ಹದದಲ್ಲಿ ಆ ಹೆಬ್ಬೆರಳು ಆಡುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ಮೊಬೈಲಿನಲ್ಲಿ ಜೋಗುಳ ಹಚ್ಚಿ ಪಕ್ಕದಲ್ಲಿಟ್ಟರೆ ಸಾಲದೆ? ಸ್ಯಾಮುಯೆಲ್ ಮೆಹರ್, ಲೀ ಆನ್ ಸಾಂಗ್, ಎಲಿಜಬೆತ್ ಸ್ಪೆಲ್ಕಿ ಹಾರ್ವರ್ಡಿನಲ್ಲಿ ಮಾಡಿ 2016ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಹತ್ತಿರದ ಉತ್ತರ. ಐದು ತಿಂಗಳ ಕೂಸುಗಳಿಗೆ ಅಪ್ಪ ಅಥವಾ ಅವ್ವ ಒಂದು ಹೊಸ ಹಾಡನ್ನು ಒಂದೆರಡು ವಾರ ಹಾಡಿದರು. ಆಮೇಲೆ ಪ್ರಯೋಗಾಲಯದ ಪರದೆಯ ಮೇಲೆ ಇಬ್ಬರು ಅಪರಿಚಿತರು. ಒಬ್ಬರು ಆ ಮನೆಯ ಹಾಡು, ಇನ್ನೊಬ್ಬರು ಅದೇ ಮಾತು, ಅದೇ ಲಯ, ಬೇರೆ ಧಾಟಿಯ ಹಾಡು ಹಾಡಿದರು. ಇಬ್ಬರೂ ಹಾಡು ನಿಲ್ಲಿಸಿ ನಕ್ಕು ನಿಂತಾಗ ಕೂಸುಗಳು ಮನೆಯ ಹಾಡು ಹಾಡಿದವರನ್ನೇ ಹೆಚ್ಚು ಹೊತ್ತು ನೋಡಿದವು. ಇನ್ನೊಂದು ಗುಂಪಿನ ಕೂಸುಗಳಿಗೆ ಅದೇ ಹಾಡು ಆಟಿಕೆಯಿಂದ ಬಂದಿತ್ತು, ಮತ್ತೊಂದು ಗುಂಪಿಗೆ ಹೊರಗಿನವರೊಬ್ಬರು ವಿಡಿಯೊ ಕರೆಯಲ್ಲಿ ಹಾಡಿದ್ದರು. ಆ ಎರಡು ಗುಂಪಿನ ಕೂಸುಗಳಲ್ಲಿ ಈ ಒಲವು ಕಾಣಲಿಲ್ಲ. ಧಾಟಿ ಗೊತ್ತಿರುವವರು ನಮ್ಮವರು ಎಂಬ ಲೆಕ್ಕಾಚಾರ ಐದು ತಿಂಗಳಿಗೇ ಹುಟ್ಟಿರುತ್ತದೆ, ಅದಕ್ಕೆ ಹಾಡಿದವರು ಮನೆಯವರಾಗಿರಬೇಕು. ಎರಡು ವರ್ಷದೊಳಗಿನ ಮಕ್ಕಳ ಮುಂದೆ ಪರದೆ ಇಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬೇಡವೆಂದದ್ದು ಹಲವು ಕಾರಣಗಳಿಗೆ. ಹಾಡಿನ ಕಾರಣವನ್ನೂ ನಾನು ಅದರ ಜೊತೆ ಸೇರಿಸುತ್ತೇನೆ.

ಹಾಗೆಂದು ಧ್ವನಿಮುದ್ರಣ ನಿಷ್ಪ್ರಯೋಜಕ ಎಂದಲ್ಲ. ಗದುಗಿನ ಭೀಮಸೇನ ಜೋಶಿಯವರನ್ನು ನೆನೆಯೋಣ. ತಾಯಿ ಹಾಡುತ್ತಿದ್ದ ಭಜನೆಗಳನ್ನು ಕೇಳಿ ಬೆಳೆದ ಹುಡುಗ ಗ್ರಾಮಫೋನ್ ತಟ್ಟೆಯಲ್ಲಿ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿದ, 1933ರಲ್ಲಿ ಹನ್ನೊಂದರ ವಯಸ್ಸಿಗೆ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ. ತಟ್ಟೆ ಅವನನ್ನು ಕರೆಯಿತು, ಆದರೆ ಕರೆ ಕೇಳಿಸುವ ಕಿವಿಯನ್ನು ಮೊದಲೇ ಯಾರೋ ಹದ ಮಾಡಿಟ್ಟಿದ್ದರು. ಮುಂದೆ ಅವರೇ ದಾಸರ ಪದಗಳನ್ನು ದಾಸವಾಣಿಯಾಗಿ ಹಾಡಿ, ಆ ಧ್ವನಿಸುರುಳಿಗಳು ಮಂತ್ರಾಲಯದ ಬೀದಿಯ ಅಂಗಡಿಗಳಿಂದ ಎಷ್ಟೋ ಮನೆಗಳಿಗೆ ಹೋದವು. ಧ್ವನಿಮುದ್ರಣವಿಲ್ಲದ ಕಾಲಕ್ಕೂ ಮಂತ್ರಾಲಯದಲ್ಲೇ ನಿದರ್ಶನವಿದೆ, ಅಲ್ಲಿಯ ಸ್ವಾಮಿಗಳ ಮನೆತನವೇ ವೀಣೆಯದು. ಪೂರ್ವಾಶ್ರಮದಲ್ಲಿ ವೆಂಕಟನಾಥರಾಗಿದ್ದ ರಾಘವೇಂದ್ರರು ತಂದೆ ತಿಮ್ಮಣ್ಣ ಭಟ್ಟರಂತೆ ವೈಣಿಕರು. ಮುತ್ತಜ್ಜ ಕೃಷ್ಣಭಟ್ಟರು ಕೃಷ್ಣದೇವರಾಯನಿಗೆ ವೀಣೆ ಕಲಿಸಿದವರೆಂದು ಅವರ ಚರಿತ್ರೆ ಹೇಳುತ್ತದೆ.

ಧ್ವನಿಮುದ್ರಿತ ಹಾಡು ತಲೆಮಾರು ದಾಟುವ ಬಗೆಯನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಕ್ಯಾರಲ್ ಕ್ರುಮ್‌ಹಾನ್ಸಲ್ ಮತ್ತು ಜಸ್ಟಿನ್ ಝಪ್ನಿಕ್ 2013ರಲ್ಲಿ ಅಳೆದರು. ಸುಮಾರು 20ರ ವಯಸ್ಸಿನ 62 ವಿದ್ಯಾರ್ಥಿಗಳಿಗೆ 1955ರಿಂದ 2009ರವರೆಗಿನ ಜನಪ್ರಿಯ ಹಾಡುಗಳ ತುಣುಕು ಕೇಳಿಸಿ, ಯಾವುದು ಗೊತ್ತು, ಯಾವುದು ಇಷ್ಟ, ಯಾವುದರ ಜೊತೆ ನೆನಪಿದೆ ಎಂದು ಕೇಳಿದರು. ತಮ್ಮ ಕಾಲದ ಹಾಡುಗಳಿಗೆ ಹೆಚ್ಚು ಅಂಕ ಬಿದ್ದದ್ದು ಸಹಜ. ಹಿಂದಕ್ಕೆ ಹೋದಂತೆ ಅಂಕ ಇಳಿಯುತ್ತಾ ಹೋಗಿ 1980ರ ಆರಂಭದ ವರ್ಷಗಳಲ್ಲಿ ಮತ್ತೆ ಏರಿತು. ಅದು ಅವರ ತಂದೆತಾಯಂದಿರು ಹರೆಯದಲ್ಲಿದ್ದ ಕಾಲ. ಇನ್ನೂ ಹಿಂದೆ, 1960ರ ದಶಕದಲ್ಲಿ, ಮತ್ತೊಂದು ಚಿಕ್ಕ ಏರು. ಅಜ್ಜ ಅಜ್ಜಿಯರದು ಇರಬಹುದು, ಆ ದಶಕದ ಹಾಡುಗಳ ಗುಣವೂ ಇರಬಹುದು ಎಂದು ಅವರು ಎರಡೂ ಸಾಧ್ಯತೆ ಇಟ್ಟಿದ್ದಾರೆ. ಮಕ್ಕಳು ಹುಟ್ಟುವ ಮೊದಲೇ ಬಂದ ಹಾಡುಗಳು ಅವರ ಸ್ವಂತ ನೆನಪಿನೊಳಗೆ ಸೇರಿಕೊಂಡಿವೆ.

ಇದನ್ನು ಆದೋನಿಗೆ ತಂದು ನೋಡಿ. 2020ರ ಸುಮಾರಿಗೆ ಹುಟ್ಟಿದ ಕೂಸಿನ ಹೆತ್ತವರು 90ರ ದಶಕದವರು. ಅವರ ಹರೆಯದ ಹಾಡು 2010ರ ಆಚೀಚೆಯದು, ಪೆನ್ ಡ್ರೈವಿನಲ್ಲಿ ತುಂಬಿಸಿಕೊಂಡ ತೆಲುಗು ಮತ್ತು ಕನ್ನಡ ಸಿನಿಮಾದ್ದು. ಅಜ್ಜ ಅಜ್ಜಿಯರದು ಕ್ಯಾಸೆಟ್ ಕಾಲ. 1980ರಲ್ಲಿ ಬಂದ 'ಶಂಕರಾಭರಣಂ', 1987ರ 'ಪ್ರೇಮಲೋಕ' ಎರಡೂ ಒಂದೇ ಮನೆಯ ಒಂದೇ ಟೇಪ್ ರೆಕಾರ್ಡರಿನಲ್ಲಿ ಓಡಬಹುದಾಗಿದ್ದ ಊರು ಇದು. ಎರಡರಲ್ಲೂ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿ, ಅವರ ತಂದೆ ಸಾಂಬಮೂರ್ತಿಯವರು ಹರಿಕಥೆಯವರು. ಮುತ್ತಜ್ಜಿಯ ಪಾಲಿಗೆ 1966ರ 'ಮಂತ್ರಾಲಯ ಮಹಾತ್ಮೆ'. ರಾಘವೇಂದ್ರರಾಗಿ ರಾಜ್‌ಕುಮಾರ್, ಸಂಗೀತ ರಾಜನ್-ನಾಗೇಂದ್ರ. ಈ ಅಣ್ಣತಮ್ಮಂದಿರ ತಂದೆ ರಾಜಪ್ಪನವರು ಮೂಕಿ ಚಿತ್ರಗಳಿಗೆ ವಾದ್ಯ ನುಡಿಸುತ್ತಿದ್ದವರು. ಹೀಗೆ ಅಂಗಳದಲ್ಲಿ ಆಡುವ ಆರು ವರ್ಷದ ಹುಡುಗಿಯ ಗುನುಗಿನಲ್ಲಿ ಮೂರು ತಲೆಮಾರಿನ ಹರೆಯ ಇರುತ್ತದೆ. ಹದಿಮೂರು ಹದಿನಾಲ್ಕಕ್ಕೆ ಅವಳು ಗೆಳತಿಯರ ಹಾಡಿನ ಕಡೆ ಹೋಗುತ್ತಾಳೆ, ಅಮ್ಮನ ಹಾಡು ಹಳತೆನಿಸುತ್ತದೆ. ಹೋಗಲಿ. ಕಾರ್ನೆಲ್ಲಿನ ಆ 1980ರ ಏರು ಕಂಡದ್ದು ಹರೆಯದ ಗಲಾಟೆ ದಾಟಿದ ಇಪ್ಪತ್ತರವರಲ್ಲಿ.

ಎರಡು ನುಡಿ, ಎರಡು ಬಗೆಯ ಸಂಗೀತ ಕೇಳಿದರೆ ಕೂಸಿಗೆ ಗೊಂದಲವಾಗದೆ ಎಂದು ಗಡಿಯ ತಾಯಂದಿರು ಆತಂಕಪಡುವುದುಂಟು. ಆತಂಕಕ್ಕೆ ಕಾರಣ ಕಾಣುವುದಿಲ್ಲ. ಗಾಯೆ ಸೋಲೆ ಮತ್ತು ಎರಿನ್ ಹ್ಯಾನನ್ 2010ರಲ್ಲಿ ನಾಲ್ಕರಿಂದ ಎಂಟು ತಿಂಗಳ ಕೂಸುಗಳನ್ನು ಹೋಲಿಸಿದರು. ಅಮೆರಿಕದ ಕೂಸುಗಳು ಪಶ್ಚಿಮದ ಸಮತಾಳಕ್ಕೆ ಒಲಿದವು. ಟರ್ಕಿಯ ಕೂಸುಗಳು ತಮ್ಮ ನಾಡಿನ ವಿಷಮ ತಾಳವನ್ನೂ ಪಶ್ಚಿಮದ ತಾಳವನ್ನೂ ಕೇಳುತ್ತಾ ಬೆಳೆದವು. ಅವು ಎರಡರ ನಡುವೆ ಭೇದ ಮಾಡದೆ ಎರಡನ್ನೂ ಸಮವಾಗಿ ಕೇಳಿದವು, ಯಾವ ನಾಡಿನದೂ ಅಲ್ಲದ ಕಟ್ಟುತಾಳಕ್ಕೆ ಮಾತ್ರ ಒಲಿಯಲಿಲ್ಲ. ನುಡಿಯಲ್ಲೂ ಹೀಗೇ. ಬಸುರಿನಲ್ಲಿ ಇಂಗ್ಲಿಷ್ ಮತ್ತು ಟಗಾಲೊಗ್ ಎರಡನ್ನೂ ಆಡಿದ ತಾಯಂದಿರ ನವಜಾತರು ಎರಡಕ್ಕೂ ಸಮನಾಗಿ ಕಿವಿಗೊಟ್ಟದ್ದನ್ನು, ಆದರೂ ಎರಡನ್ನೂ ಬೇರೆ ಬೇರೆಯೆಂದು ಗುರುತಿಸಿದ್ದನ್ನು ಕೆನಡಾದ ಸಂಶೋಧಕರು ಅದೇ ವರ್ಷ ತೋರಿಸಿದರು. ನಮ್ಮ ನೆಲದಲ್ಲಿ ಇದಕ್ಕೆ ದರೋಜಿ ಈರಮ್ಮನವರಿಗಿಂತ ದೊಡ್ಡ ನಿದರ್ಶನ ಬೇಕೆ? ಆದೋನಿಯೂ ಒಮ್ಮೆ ಸೇರಿದ್ದ ಅದೇ ಬಳ್ಳಾರಿ ಜಿಲ್ಲೆಯ ಸಂಡೂರು ಸೀಮೆಯವರು, ಬುಡ್ಗ ಜಂಗಮರು, ಮನೆಮಾತು ತೆಲುಗು. ತಂದೆ ಲಾಲಪ್ಪನವರ ಬುರ್ರಕಥೆಯನ್ನು ಹುಡುಗಿಯಾಗಿ ಕೇಳಿ ಕೇಳಿ ಕಲಿತರು, ಅಕ್ಷರ ಕಲಿಯದೆ ಕುಮಾರರಾಮನಂಥ ದೊಡ್ಡ ಕಾವ್ಯಗಳನ್ನು ಕನ್ನಡದಲ್ಲಿ ರಾತ್ರಿಗಟ್ಟಲೆ ಹಾಡಿದರು. ಹಂಪಿ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಗೌರವಿಸಿತು. 2014ರ ಆಗಸ್ಟಿನಲ್ಲಿ ಅವರು ತೀರಿಕೊಂಡರು.

ಆದೋನಿ ಸೀಮೆಯಲ್ಲಿ 'ಹೆತ್ತವರು' ಎಂಬುದನ್ನು ಎಚ್ಚರದಿಂದ ಬಳಸಬೇಕು. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳಂ, ಪೆದ್ದಕಡಬೂರು, ಮಂತ್ರಾಲಯದ ಹಳ್ಳಿಗಳಿಂದ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ, ಕಟ್ಟಡದ ಕೆಲಸಕ್ಕೆ ಬೆಂಗಳೂರಿಗೆ ಗುಳೆ ಹೋಗುತ್ತವೆ. ಕೆಲವು ಕೂಸುಗಳು ಹೊಲದ ಬದುವಿನ ಜೋಳಿಗೆಯಲ್ಲಿ ಅಕ್ಕನ ಕಾವಲಿನಲ್ಲಿರುತ್ತವೆ, ಕೊಂಚ ಬೆಳೆದವು ಊರಲ್ಲೇ ಅಜ್ಜಿಯ ಬಳಿ ಉಳಿಯುತ್ತವೆ. ಎಂಟು ವರ್ಷದ ಅಕ್ಕ ಹಾಡುವುದು ರೀಲ್ಸಿನಲ್ಲಿ ಕೇಳಿದ್ದನ್ನು. ಅಜ್ಜಿ ಹಾಡುವುದು ಬೀಸುವ ಕಲ್ಲಿನ ಕಾಲದ ಪದವನ್ನು. ಗುಳೆ ಹೋದ ಕೂಸಿಗೂ ಊರಲ್ಲುಳಿದ ಕೂಸಿಗೂ ಒಂದೇ ಮನೆಯಲ್ಲಿ ಬೇರೆ ಬೇರೆ ಕಿವಿ ಬೆಳೆಯುತ್ತದೆ. ಬಡತನ ಅನ್ನದ ಜೊತೆ ಹಾಡನ್ನೂ ಹೀಗೆ ಹಂಚುತ್ತದೆ ಎಂಬುದು ನನ್ನನ್ನು ಕಾಡುವ ಸಂಗತಿ. ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಇದಕ್ಕೆ ಮನೆಯಿಲ್ಲ.

ಹ್ಯಾನನ್ ಮತ್ತು ಟ್ರೆಹಬ್ ಅವರ ಪ್ರಯೋಗವನ್ನು ಇಲ್ಲಿ ಮಾಡಬಹುದು, ಅದಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಒಂದು ಪರದೆ, ಎರಡು ಧ್ವನಿಪೆಟ್ಟಿಗೆ, ಕೂಸಿನ ನೋಟ ಎಷ್ಟು ಹೊತ್ತು ನಿಂತಿತೆಂದು ದಾಖಲಿಸುವ ಕ್ಯಾಮರಾ, ಅವ್ವನ ಮಡಿಲು. ಆರು ತಿಂಗಳ ಮತ್ತು ಹನ್ನೆರಡು ತಿಂಗಳ ಕೂಸುಗಳು ಬೇಕು. ತ್ರಿಪುಟದ ಏಳು, ಝಂಪೆಯ ಹತ್ತು, ಸಿನಿಮಾ ಹಾಡಿನ ನಾಲ್ಕು, ಮೂರನ್ನೂ ಮೊದಲು ಸರಿಯಾಗಿ, ಆಮೇಲೆ ಒಂದು ಅಕ್ಷರ ಕೂಡಿಸಿ ಕೇಳಿಸಬೇಕು. ಆರು ತಿಂಗಳ ಕೂಸುಗಳು ಎಲ್ಲದರಲ್ಲೂ ತಪ್ಪು ಹಿಡಿಯುತ್ತವೆ ಎಂದು ನನ್ನ ಎಣಿಕೆ. ಹನ್ನೆರಡರ ಹೊತ್ತಿಗೆ ಚಿಪ್ಪಗಿರಿಯ ಭಜನೆಯ ಮನೆಗಳ ಕೂಸುಗಳು ಏಳರಲ್ಲಿ ಚುರುಕಾಗಿ ಉಳಿಯಬೇಕು, ಬರೀ ಸಿನಿಮಾ ಹಾಡು ಕೇಳುವ ಮನೆಗಳ ಕೂಸುಗಳು ನಾಲ್ಕರಲ್ಲಿ ಮಾತ್ರ. ಝಂಪೆಯ ಹತ್ತರಲ್ಲಿ ಏನಾಗುತ್ತದೆ ಎಂಬುದೇ ನನಗೆ ಎಲ್ಲಕ್ಕಿಂತ ಕುತೂಹಲ. ಫಲಿತಾಂಶ ಓದಲು ಬರಬೇಕಾದರೆ ಪ್ರತಿ ಮನೆಯಿಂದ ಒಂದು ಪಟ್ಟಿ ಮೊದಲೇ ಬರೆದುಕೊಳ್ಳಬೇಕು. ಬಸುರಿನಲ್ಲಿ ಅವ್ವ ಏನು ಕೇಳುತ್ತಿದ್ದಳು, ಅಪ್ಪನ ಮೊಬೈಲಿನಲ್ಲಿ ಯಾವ ಹಾಡುಗಳಿವೆ, ಅಜ್ಜಿ ಇದ್ದಾಳೋ ಇಲ್ಲವೋ, ಗುಳೆ ಹೋಗಿದ್ದರೆ ಎಷ್ಟು ತಿಂಗಳು, ಆ ತಿಂಗಳುಗಳಲ್ಲಿ ಕೂಸನ್ನು ತೂಗಿದವರು ಯಾರು, ಏನು ಹಾಡುತ್ತಾ ತೂಗಿದರು.